ಕೌದಿ ಕೋಣೆಗೆ ಬಂದ ಹೊಸ ಆವೃತ್ತಿ

ನನ್ನ ರೆಕಾರ್ಡಿಂಗ್ ಕೋಣೆಯ ನಾಲ್ಕು ಗೋಡೆಗೂ ಕೌದಿ ಹೊದಿಸಿತ್ತು. ಗೋಡೆಗೆ ಚಳಿಯಾದೀತೆಂದಲ್ಲ, ಹಾಡಿದವರ ದನಿ ಗೋಡೆಗೆ ಬಡಿದು ಮರಳಿ ಮೈಕಿನೊಳಗೆ ನುಗ್ಗಬಾರದೆಂದು. ಪೇಟೆಯ ಸ್ಟುಡಿಯೋಗಳಲ್ಲಿ ಇದಕ್ಕೆ ಕೋಳಿಮೊಟ್ಟೆಯ ಟ್ರೇ ಅಂಟಿಸುತ್ತಾರೆಂದು ಗೆಳೆಯನೊಬ್ಬ ಹೇಳಿದ್ದನ್ನು ನಂಬಿ, ದಾವಣಗೆರೆಯಿಂದ ಎರಡು ಕಟ್ಟು ಖಾಲಿ ಟ್ರೇಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಿದ್ದೆ. ನಮ್ಮವ್ವ ಹೊಸ್ತಿಲಲ್ಲೇ ತಡೆದಳು. "ಲಿಂಗ ಕಟ್ಟಿದ ಮನಿಯಾಗ ತತ್ತಿ ತಟ್ಟಿ ತರಬ್ಯಾಡಪ್ಪ. ಖಾಲಿ ಆದರೇನು, ಅದರ ಹೆಸರು ತತ್ತಿ ತಟ್ಟೀನ" ಎಂದವಳೇ ಒಳಗೆ ಹೋಗಿ, ಪೆಟ್ಟಿಗೆ ತೆರೆದು, ತನ್ನ ಮತ್ತು ತನ್ನ ಅತ್ತೆಯ ಹಳೆಯ ಸೀರೆಗಳಲ್ಲಿ ಹೊಲಿದಿಟ್ಟಿದ್ದ ಕೌದಿಗಳನ್ನೆಲ್ಲ ತಂದು ನನ್ನ ಮುಂದೆ ಹಾಕಿದಳು. ಹಾಗೆ ನಮ್ಮ ಮನೆಯ ಎರಡು ತಲೆಮಾರಿನ ಸೀರೆಗಳು ಕೊಟ್ಟೂರಿನ ಸಂಗೀತಕ್ಕೆ ಕಾವಲು ನಿಂತವು. ಚಿಗಟೇರಿಯಿಂದ ಬರುತ್ತಿದ್ದ ಹಾರ್ಮೋನಿಯಂ ಮಾಸ್ತರು ಬಸಲಿಂಗಪ್ಪನವರು ಮೊದಲ ದಿನ ಒಳಗೆ ಕಾಲಿಟ್ಟು, ಸುತ್ತ ನೋಡಿ, "ಲೇ ಕೊಟ್ರೇಶಿ, ಇದೇನು ಸ್ಟುಡಿಯೋನೋ ಬಾಣಂತಿ ಕ್ವಾಣಿನೋ?" ಎಂದಿದ್ದರು.

ನಾನು ಮೂಲತಃ ಮೈಕ್ ಸೆಟ್ಟಿನವನು. ಕೊಟ್ರೇಶಾ ಎಂದು ಕೂಗಿದರೆ ಬಸ್ ನಿಲ್ದಾಣದಲ್ಲಿ ಹತ್ತು ಜನ ಹೊರಳಿ ನೋಡುವ ಊರಿನಲ್ಲಿ, "ಮೈಕ್ ಕೊಟ್ರೇಶಿ" ಎಂಬ ಹೆಸರನ್ನು ನಾನು ದುಡಿದು ಪಡೆದದ್ದು. ಮದುವೆ, ನಾಮಕರಣ, ಗ್ರಾಮ ಪಂಚಾಯ್ತಿ ಚುನಾವಣೆ ಎಲ್ಲಕ್ಕೂ ನಮ್ಮದೇ ಹಾರ್ನು. ಹೊಸ ಶತಮಾನ ಇನ್ನೂ ಅಂಬೆಗಾಲಿಡುತ್ತಿದ್ದಾಗ ಅಂಗಡಿಯ ಹಿಂದಿನ ಕೋಣೆಗೆ ಕಂಪ್ಯೂಟರ್ ತಂದೆ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಭಜನೆಯವರು, ಬಯಲಾಟದವರು, ಸೋಬಾನೆಯವರು ಹುಬ್ಬಳ್ಳಿಗೆ ಹೋಗುವ ಬದಲು ನನ್ನ ಕೌದಿಗಳ ನಡುವೆ ಕೂತು ಹಾಡತೊಡಗಿದರು. ನಮ್ಮ ಹಾಡು ಅತ್ತ ಧಾರವಾಡದ ಗತ್ತಿನದಲ್ಲ, ಇತ್ತ ಮೈಸೂರಿನ ನಯದ್ದೂ ಅಲ್ಲ. ಕೆಂಪು ನೆಲ ಕಪ್ಪು ನೆಲ ಒಂದೇ ಬದುವಿನ ಆಚೀಚೆ ಇರುವ ಸೀಮೆಯವರು ನಾವು. ನಮ್ಮ ದನಿಯೂ ಹಾಗೆಯೇ ಅರ್ಧ ಬಿರುಸು, ಅರ್ಧ ಮೆತ್ತಗೆ. ಇದನ್ನು ಹೇಳುವಾಗ ನನಗೆ ಕೊಂಚ ಜಂಬ ಬರುತ್ತದೆ, ಮನ್ನಿಸಿ.

ಆ ಕಂಪ್ಯೂಟರಿನಲ್ಲಿದ್ದ ಮೊದಲ ತಂತ್ರಾಂಶಕ್ಕೆ ಹಳೆಯ ಕಾಲದ ಶಾಲೆಯ ಹೆಡ್ ಮಾಸ್ತರರ ಸ್ವಭಾವ. ಎಲ್ಲರೂ ಒಟ್ಟಿಗೆ ಕೂತು ಒಂದೇ ಉಸಿರಿಗೆ ಮುಗಿಸಬೇಕು. ನಡುವೆ ಯಾರಾದರೂ ಕೆಮ್ಮಿದರೆ, ತಾಳದವನ ಕೈ ಜಾರಿದರೆ, ಹೊರಗೆ ಕೂಡ್ಲಿಗಿ ಬಸ್ಸು ಹಾರ್ನು ಹೊಡೆದರೆ ಮತ್ತೆ ಮೊದಲಿಂದ. ತಿದ್ದಿದ್ದು ತಿದ್ದಿದ್ದೇ, ಅಳಿಸಿದ್ದು ಅಳಿಸಿದ್ದೇ. ಹಾಗಿರುವಾಗ ಒಂದು ದಿನ ಆ ಟ್ರೇ ಸಲಹೆಯ ಗೆಳೆಯನೇ ಅದೇ ತಂತ್ರಾಂಶದ ಹೊಸ ಆವೃತ್ತಿಯ ಸಿ.ಡಿ.ಗಳನ್ನು ತಂದು ಹಾಕಿಕೊಟ್ಟ. ನೋಡಿದರೆ ಪರದೆಯೇ ಬೇರೆ, ಗುಂಡಿಗಳೇ ಬೇರೆ. ಒಬ್ಬೊಬ್ಬರನ್ನೂ ಬೇರೆಬೇರೆ ದಿನ ಕೂರಿಸಿ ಒಂದೇ ಹಾಡಿಗೆ ಹೊಲಿಯಬಹುದು. ಟಿಕ್ ಟಿಕ್ ಎಂದು ಲಯ ಹಾಕಿಕೊಡುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಹಾಡಿದವರ ಸ್ವರವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸಿ, ಎಲ್ಲಿ ಸ್ವರ ಜಾರಿದೆಯೋ ಅಲ್ಲಿ ಹಿಡಿದು ಮೇಲಕ್ಕೋ ಕೆಳಕ್ಕೋ ಎಳೆದು ಕೂರಿಸಬಹುದು.

ಸುದ್ದಿ ಹಬ್ಬಿತು. ಹೊಸ ಸೊಸೆಯನ್ನು ನೋಡಲು ಬರುವ ಹಾಗೆ ಕಲಾವಿದರು ಬಂದರು, ಹೊಸ ಸೊಸೆಗೆ ಸಿಗುವಂಥದ್ದೇ ಮಾತುಗಳು ಅದಕ್ಕೂ ಸಿಕ್ಕವು. ಹಡಗಲಿಯ ತಬಲಾ ಹುಸೇನಸಾಬರಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ನೋಡ್ರಿ, ಹಾಡವ್ರು ಮರತರ ನಾ ಎರಡು ಬಸ್ಸು ಹತ್ತಿ ತಿರುಗಿ ಬರತಿದ್ದೆ. ಇನ್ನ ನನ್ನ ಪಾಲಿಂದು ಬಾರಿಸಿ ನಾ ಮನೀಗೆ ಹೋಗ್ತೀನಿ. ಇದಕ್ಕಿಂತ ಪುಣ್ಯ ಬೇಕೇನ್ರಿ?" ಎಂದರು. ಕೂಡ್ಲಿಗಿಯ ಬ್ಯಾಂಡಿನ ಕೀಬೋರ್ಡ್ ಹುಡುಗರು ಕುರ್ಚಿ ಬಿಟ್ಟು ಏಳಲೇ ಇಲ್ಲ. ಬಸಲಿಂಗಪ್ಪ ಮಾಸ್ತರರು ಮಾತ್ರ ಟಿಕ್ ಟಿಕ್ ಸದ್ದಿಗೆ ಹಾರ್ಮೋನಿಯಂ ನುಡಿಸಿ ನೋಡಿ, ಎರಡೇ ನಿಮಿಷಕ್ಕೆ ತಿದಿ ಮುಚ್ಚಿದರು. "ನನಗ ಇದು ಸಾಲಿ ಗಂಟಿ ಹೊಡದಂಗ ಕೇಳತೈತಿ. ಭಜನಿ ಅಂದ್ರ ಮೆಲ್ಲಕ ಎದ್ದು, ಆಮ್ಯಾಲ ಓಡಬೇಕು. ಇದು ಹುಟ್ಟಿದಾಗಿಂದ ಸಾಯೋತನಕ ಒಂದ ನಡಿಗಿ ನಡೀತೈತಿ."

ನಾನು ಇಬ್ಬರಿಗೂ ಹೌದು ಎಂದೆ. ಅಂಗಡಿ ಇಟ್ಟವನಿಗೆ ಅದು ರೂಢಿ. ಆದರೆ ಒಳಗೊಳಗೆ ನಾನು ಹೊಸ ಆವೃತ್ತಿಯ ಪಕ್ಷವೇ. ಗೆಳೆಯರೇ, ತಿದ್ದುವ ಅಧಿಕಾರ ಕೈಗೆ ಸಿಕ್ಕ ಮನುಷ್ಯನನ್ನು ನೀವು ನೋಡಿರಬಹುದು. ಕೆಂಪು ಶಾಯಿಯ ಪೆನ್ನು ಹಿಡಿದ ಹೊಸ ಮಾಸ್ತರನಿಗೆ ಉತ್ತರಪತ್ರಿಕೆಯಲ್ಲಿ ತಪ್ಪು ಕಾಣದಿದ್ದರೆ ನಿರಾಸೆಯಾಗುತ್ತದೆ. ನನಗೂ ಹಾಗೇ ಆಗಿತ್ತು. ಯಾರ ಹಾಡು ಬಂದರೂ ಮೊದಲು ಕಿವಿಗೊಡುವುದನ್ನು ಬಿಟ್ಟು, ಪರದೆಯ ಮೇಲಿನ ಗೆರೆ ಎಲ್ಲಿ ಸೊಟ್ಟಗಿದೆ ಎಂದು ಹುಡುಕುತ್ತಿದ್ದೆ.

ಅಂಥ ದಿನಗಳಲ್ಲಿ ತಂಬ್ರಹಳ್ಳಿಯಿಂದ ದುರ್ಗವ್ವ ಬಂದಳು. ಅರವತ್ತರ ಆಸುಪಾಸಿನ, ಜೀವನವಿಡೀ ಕೂಲಿಗೆ ಹೋದ ಹೆಂಗಸು; ಶೇಂಗಾ ಹೊಲದಲ್ಲಿ ಕಳೆ ಕಸ ತೆಗೆಯುವಾಗ ಹಾಡು ಹೇಳುವುದರಲ್ಲಿ ಸುತ್ತಲ ಹಳ್ಳಿಗಳಲ್ಲೆಲ್ಲ ಆಕೆಯದೇ ಮುಂದಾಳುತನ. ಜೊತೆಗೆ ಆಕೆಯ ಗುಂಪಿನ ನಾಲ್ಕು ಹೆಂಗಸರಿದ್ದರು. ದುರ್ಗವ್ವನ ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ದಪ್ಪನೆಯ ಗಂಟು. ಬರುವ ವಾರ ದಾವಣಗೆರೆಯಲ್ಲಿ ಅದರ ಆಪರೇಷನ್ ಎಂದೂ, ಆಮೇಲೆ ದನಿ ಹೇಗಿರುತ್ತದೋ ಹೇಳಲಾಗದೆಂದು ಡಾಕ್ಟರು ಮೊದಲೇ ತಿಳಿಸಿದ್ದಾರೆಂದೂ ಜೊತೆಯ ಹೆಂಗಸರು ಹೇಳಿದರು. ದುರ್ಗವ್ವ ಅದನ್ನೆಲ್ಲ ಹೇಳಲಿಲ್ಲ. "ಯಪ್ಪಾ, ನಂದೊಂದು ಹಾಡು ಹಿಡದಿಡು. ಹುಡುಗ್ಯಾರಿಗೆ ಯಾರಿಗೂ ಪೂರ್ತಿ ಬರಂಗಿಲ್ಲ" ಎಂದಳು ಅಷ್ಟೇ.

ಬಳೆ ಸದ್ದಾಗುತ್ತದೆಂದು ಉಳಿದವರನ್ನು ಹೊರಗೆ ಕೂರಿಸಿದೆ. ದುರ್ಗವ್ವನಿಗೆ ಕುರ್ಚಿ ಕೊಟ್ಟರೆ ಒಲ್ಲೆ ಎಂದಳು. ಕುರ್ಚಿಯ ಮೇಲೆ ಹಾಡು ನೆನಪಿಗೆ ಬರುವುದಿಲ್ಲವಂತೆ. ಹೊಲದಲ್ಲಿ ಕೂರುವ ಹಾಗೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಳು. ಮೈಕನ್ನು ಮೊಣಕಾಲ ಎತ್ತರಕ್ಕೆ ಇಳಿಸಿ ಕಟ್ಟಿದೆ. ಹಾಡುತ್ತ ಹಾಡುತ್ತ ಆಕೆಯ ಬಲಗೈ ತಾನಾಗಿಯೇ ಕಸ ತೆಗೆಯುವ ಕುರ್ಪಿ ಹಿಡಿದಂತೆ ನೆಲ ಕೆರೆಯುತ್ತಿತ್ತು. ಹದಿನೈದು ನಿಮಿಷದ ಹಾಡು. ಮುಗಿದ ಮೇಲೆ ಗಂಟಲು ಹಿಡಿದುಕೊಂಡು, "ಇನ್ನೊಮ್ಮಿ ಅನಬ್ಯಾಡಪ್ಪ, ನೋಯ್ತೈತಿ" ಎಂದಳು.

ಅವರು ಹೋದ ಮೇಲೆ ಅದನ್ನು ಮಾಸ್ತರರಿಗೂ ಹುಸೇನಸಾಬರಿಗೂ ಕೇಳಿಸಿದೆ. ಮಾಸ್ತರರು ಶ್ರುತಿ ಹುಡುಕುತ್ತ ಹಾರ್ಮೋನಿಯಂನ ಕರಿ, ಬಿಳಿ ಮನೆಗಳನ್ನು ಒತ್ತಿ ನೋಡಿದರು. "ಕರಿ ಎರಡರಾಗ ಹಿಡದಾಕಿ ಬಿಳಿ ನಾಕಕ್ಕ ಹೋಗಿ ಮುಗಿಸ್ಯಾಳ. ದನಿ ಬಂಗಾರ, ಆದ್ರ ನಿಲ್ಲಂಗಿಲ್ಲ. ಇಂಥಾ ಹೊತ್ತಿಗಾದ್ರೂ ನಿನ್ನ ಮಿಷನ್ ಕೆಲಸಕ್ಕ ಬರ್ಲಿ, ತಿದ್ದು" ಎಂದರು. ವಿಚಿತ್ರ ನೋಡಿ, ಯಂತ್ರವನ್ನು ಬೈದವರೇ ತಿದ್ದು ಎಂದರೆ, ಅದನ್ನು ಹಾಡಿ ಹೊಗಳಿದ್ದ ಹುಸೇನಸಾಬರು ತಲೆಯಲ್ಲಾಡಿಸಿದರು. "ಬ್ಯಾಡ್ರಿ ಮಾಸ್ತರ. ಅಕಿ ಎಲ್ಲಿ ಬೇಕಲ್ಲಿ ಏರಿಲ್ಲ. ಎಣಿಸಿದೆ ನಾನು, ನಾಕ ಸಲ. ಏನೋ ಲೆಕ್ಕ ಐತಿ ಅದರಾಗ." ನನಗೆ ಲೆಕ್ಕ ಬೇಕಿರಲಿಲ್ಲ. ಎರಡು ದಿನ ಕೂತು, ಸ್ವರ ಸ್ವರವನ್ನೂ ಹಿಡಿದು, ಇಡೀ ಹಾಡನ್ನು ಕರಿ ಎರಡಕ್ಕೆ ಕಟ್ಟಿಹಾಕಿದೆ. ಪರದೆಯ ಮೇಲಿನ ಗೆರೆ ಸಾರಿಸಿದ ಅಂಗಳದಂತೆ ಸಮವಾಯಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು, ಅದನ್ನು ಅದೇ ಹೆಸರಿನಲ್ಲಿ ಉಳಿಸಿದೆ.

ದಾವಣಗೆರೆಗೆ ಹೋಗುವ ಹಿಂದಿನ ದಿನ ದುರ್ಗವ್ವ ಹಾಡು ಕೇಳಲು ಬಂದಳು. ಈ ಸಲ ಎಲ್ಲರನ್ನೂ ಒಳಗೆ ಕೂರಿಸಿದೆ. ಹಾಡು ಶುರುವಾಯಿತು. ಹೆಂಗಸರು ಮೊದಲು ಖುಷಿಯಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಸ್ವಲ್ಪ ಹೊತ್ತಿಗೆ ನೆಲ ನೋಡತೊಡಗಿದರು. ಮುಗಿದ ಮೇಲೆ ದುರ್ಗವ್ವ ನನಗೆ ನೋವಾಗಬಾರದೆಂಬಂತೆ ಮೆಲ್ಲಗೆ ಹೇಳಿದಳು.

"ಚಲೋ ಐತಪ್ಪ. ಆದ್ರ ಇಕಿ ಬದು ಮುಟ್ಟಲೇ ಇಲ್ಲ."

ನನಗೆ ತಿಳಿಯಲಿಲ್ಲ. ಆಗ ಅವರು ವಿವರಿಸಿದರು. ಕಸ ತೆಗೆಯುವಾಗ ಹಾಡುವವಳು ಮುಂದಿರುತ್ತಾಳೆ. ತಲೆ ಬಗ್ಗಿಸಿ ಕೂತ ಹಿಂದಿನವರಿಗೆ ಹೊಲದ ಅಂಚು ಕಾಣುವುದಿಲ್ಲ. ಆಕೆ ಬದು ಮುಟ್ಟಿ ಹೊಸ ಸಾಲಿಗೆ ತಿರುಗುವಾಗ ದನಿಯನ್ನು ತುಸು ಏರಿಸುತ್ತಾಳೆ. ಅದನ್ನು ಕೇಳಿ ಹಿಂದಿನವರು ಕೈ ಚುರುಕು ಮಾಡಿ ತಾವೂ ಮುಗಿಸಿ ತಿರುಗುತ್ತಾರೆ. ನಾಲ್ಕು ಸಲ ಏರಿದರೆ ನಾಲ್ಕು ಸಲ ತಿರುಗಿದ ಹಾಗೆ, ಆಮೇಲೆ ನೀರು ಕುಡಿಯುವ ಹೊತ್ತು. "ನೀ ನಮ್ಮನ್ನ ಹದಿನೈದು ನಿಮಿಷ ಒಂದ ಸಾಲಿನಾಗ ಕುಂದ್ರಿಸೀದಿ" ಎಂದು ಒಬ್ಬಾಕೆ ನಕ್ಕಳು. ದುರ್ಗವ್ವ ನಗಲಿಲ್ಲ. ಗಂಟಲ ಗಂಟಿನ ಮೇಲೆ ಕೈಯಿಟ್ಟುಕೊಂಡು, "ಮೊದಲಿಂದು ಐತೇನಪ್ಪ?" ಎಂದು ಕೇಳಿದಳು.

ನಿಜ ಹೇಳುತ್ತೇನೆ, ನಾನು ಮಾಡಿದ್ದು ನನಗೆ ಹೊಳೆದದ್ದೇ ಆಗ. ತಿದ್ದಿದ್ದನ್ನು ಅದೇ ಹೆಸರಿನಲ್ಲಿ, ಮೂಲದ ಮೇಲೆಯೇ ಉಳಿಸಿದ್ದೆ. ಹಳೆಯ ಆವೃತ್ತಿಯಾಗಿದ್ದರೆ ಅಲ್ಲಿಗೆ ಕಥೆ ಮುಗಿದಂತೆ. ಆಕೆಗೆ ಇನ್ನೊಮ್ಮೆ ಹಾಡಲು ಆಗದು, ನಾಳೆಯ ನಂತರ ಆದೀತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಹೊಲದ ಕೆಲಸವನ್ನು ದೂರದಿಂದ ನೋಡಿದ ಅಂಗಡಿಯವನು ನಾನು. ಎರಡು ತಲೆಮಾರಿನ ಕೌದಿಗಳ ನಡುವೆ ಕೂತು ಎಷ್ಟು ತಲೆಮಾರಿನದೋ ಒಂದು ವಿದ್ಯೆಯನ್ನು ತಪ್ಪೆಂದು ಅಳಿಸಿದ್ದೆ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಒಂದೊಂದೇ ಗುಂಡಿ ಒತ್ತುತ್ತ ಹೋದೆ. ಹುಸೇನಸಾಬರು ಅಂದು ಬೇರೊಂದು ಹಾಡಿಗೆ ತಬಲಾ ಬಾರಿಸಲು ಬಂದಿದ್ದರು; ಹಿಂದೆ ನಿಂತು, "ಸಾವಕಾಶ ನೋಡ್ರಿ, ಸಾವಕಾಶ" ಎನ್ನುತ್ತಲೇ ಇದ್ದರು. ಕೊನೆಗೆ ಅರ್ಧ ಗಂಟೆಯ ಮೇಲೆ ಸಿಕ್ಕಿತು. ಹೊಸ ಆವೃತ್ತಿ ಮೂಲವನ್ನು ಮುಟ್ಟುವುದೇ ಇಲ್ಲವಂತೆ. ನಾವು ಮಾಡಿದ ತಿದ್ದುಪಡಿಯನ್ನೆಲ್ಲ ಅದರ ಮೇಲೆ ಹೊದಿಸುತ್ತದೆ, ಮೂಲವನ್ನು ಬೇರೆ ಕಡೆ ಹಾಗೆಯೇ ಇಟ್ಟಿರುತ್ತದೆ. ನನ್ನಂಥವರು ಇದ್ದಾರೆಂದು ಅದನ್ನು ಮಾಡಿದವರಿಗೆ ಗೊತ್ತಿದ್ದಿರಬೇಕು. ಹೊದಿಕೆ ತೆಗೆದೆ. ದುರ್ಗವ್ವ ಹಾಡಿದಳು, ಬದು ಮುಟ್ಟಿದಳು, ಏರಿದಳು. ಕೋಣೆಯಲ್ಲಿ ಕೂತ ನಾಲ್ವರೂ ಆ ಏರುದನಿಗೆ ಸರಿಯಾಗಿ ಕೂತಲ್ಲೇ ಮೈ ಹೊರಳಿಸಿದರು. ಮುಂದಿನ ಸಲ ಮಾಸ್ತರರು ಬಂದಾಗ ಇದನ್ನೆಲ್ಲ ಹೇಳಿದೆ. ಅವರು ಹಾರ್ಮೋನಿಯಂ ಎಳೆದುಕೊಂಡು, ನಾಲ್ಕು ಕಡೆ ದನಿ ಏರಿಸಿ ಆ ಹಾಡನ್ನು ನುಡಿಸಲು ಕಲಿತರು. ಅರವತ್ತೆಂಟನೆಯ ವಯಸ್ಸಿನಲ್ಲಿ ಹೊಸ ಪಾಠ ಕಲಿತ ಮನುಷ್ಯನನ್ನು ನಾನು ಕಂಡಿದ್ದೇನೆ, ಅದೂ ಒಂದು ಭಾಗ್ಯ.

ಹೊಸ ಆವೃತ್ತಿ ಒಳ್ಳೆಯದೋ ಕೆಟ್ಟದ್ದೋ ಎಂದು ಈಗಲೂ ಯಾರಾದರೂ ಕೇಳುವುದುಂಟು. ಕೆಡಿಸುವ ದಾರಿಯನ್ನು ನನಗೆ ಕೊಟ್ಟದ್ದೂ ಅದೇ, ಕೆಟ್ಟದ್ದನ್ನು ಮರಳಿ ಪಡೆಯುವ ದಾರಿಯನ್ನು ಇಟ್ಟುಕೊಂಡಿದ್ದೂ ಅದೇ. ಹಾಗಾಗಿ ಅದನ್ನು ಪೂರ್ತಿ ಬೈಯಲು ನನಗೆ ಬಾಯಿ ಬರುವುದಿಲ್ಲ. ಅಂದಿನಿಂದ ಮಾತ್ರ ಹಾಡಿದವರನ್ನು ಕೇಳದೆ ಒಂದು ಗೆರೆಯನ್ನೂ ಎಳೆದಿಲ್ಲ.

ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಒರಟಾಯಿತು. ಮುಂದಿನ ಮುಂಗಾರಿಗೆ ತಂಬ್ರಹಳ್ಳಿಯ ಹೆಂಗಸರು ಹಾಡಿಲ್ಲದೆ ಕಸ ತೆಗೆಯುತ್ತಿದ್ದಾರೆಂದು ಕೇಳಿ, ನಾನು ಬ್ಯಾಟರಿ, ಆಂಪ್ಲಿಫೈಯರ್, ಹಾರ್ನು, ಸಿ.ಡಿ. ಪ್ಲೇಯರ್ ಕಟ್ಟಿಕೊಂಡು ಹೊಲಕ್ಕೇ ಹೋದೆ. ನನ್ನಿಂದ ಆಗಬಹುದಾದ ದೊಡ್ಡ ಉಪಕಾರ ಇದು ಎಂದೇ ತಿಳಿದಿದ್ದೆ. ದುರ್ಗವ್ವ ಮೊದಲಿನಂತೆ ಮುಂದಿನ ಸಾಲಿನಲ್ಲೇ ಕುರ್ಪಿ ಹಿಡಿದು ಕೂತಿದ್ದಳು. ಹಾರ್ನಿನಿಂದ ಆಕೆಯ ಹಳೆಯ ದನಿ ಹೊಲದ ತುಂಬ ಹರಡಿತು. ಎಲ್ಲರ ಕೈಗೂ ಹುರುಪು ಬಂತು. ಆದರೆ ಆ ಹೊಲದ ಸಾಲುಗಳು ಉದ್ದ. ಹೆಂಗಸರು ಇನ್ನೂ ನಡುಹೊಲದಲ್ಲಿರುವಾಗಲೇ ಹಾರ್ನಿನ ದುರ್ಗವ್ವ ದನಿ ಏರಿಸಿಬಿಟ್ಟಳು. ಅಭ್ಯಾಸಬಲದಿಂದ ಇಬ್ಬರು ತಿರುಗಿಯೇಬಿಟ್ಟರು, ಉಳಿದವರು ಕುರ್ಪಿ ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತರು.

"ನಿಲ್ಲಸಪ್ಪ ಅದನ್ನ," ಎಂದಳು ದುರ್ಗವ್ವ. "ಅದಕ್ಕ ಬದು ಕಾಣಂಗಿಲ್ಲ."

ನಿಲ್ಲಿಸಿದೆ. ಆಕೆ ಗಂಟಲು ಸರಿಮಾಡಿಕೊಂಡು, ಹಾಡು ನಿಂತಲ್ಲಿಂದಲೇ ಹಿಡಿದಳು. ದನಿ ಮೊದಲಿಗಿಂತ ಎಷ್ಟೋ ಕೆಳಗಿತ್ತು, ಅಲ್ಲಲ್ಲಿ ಹರಿದಿತ್ತು. ಇಷ್ಟು ವರ್ಷ ಎಷ್ಟು ಜನರ ದನಿಗೆ ನಾನು ಮೈಕು ಹಿಡಿದಿದ್ದೇನೆ; ಅಂದು ಹಾರ್ನು ಬಂದ್ ಮಾಡಿ ಕೈಕಟ್ಟಿ ನಿಂತಾಗ ಆದಷ್ಟು ಹೆಮ್ಮೆ ಎಂದೂ ಆಗಿಲ್ಲ. ನನಗೂ ಈಗ ಆ ಏರುದನಿಗಾಗಿ ಕಾಯುವುದು ಗೊತ್ತಿತ್ತು. ಆಕೆ ಮೊಣಕಾಲ ಮೇಲೆ ಭಾರ ಹಾಕುತ್ತ, ಒಂದೊಂದೇ ಗಿಡದ ಬುಡ ಬಿಡಿಸುತ್ತ, ಹೊಲದ ಅಂಚಿನವರೆಗೂ ಹೋದಳು. ಬದುವಿನ ಕಲ್ಲಿಗೆ ಕುರ್ಪಿ ತಾಗಿದ್ದೇ ದನಿ ಏರಿತು. ಕೂದಲೆಳೆಯಷ್ಟೇ ಏರಿತು. ಹಿಂದಿದ್ದ ಅಷ್ಟೂ ಹೆಂಗಸರು ತಲೆಯೆತ್ತದೆ ಕೈ ಚುರುಕು ಮಾಡಿದರು, ಒಬ್ಬೊಬ್ಬರಾಗಿ ಬದು ಮುಟ್ಟಿ ತಿರುಗಿದರು.