ಮಂಗಳಮ್ಮನ ಮದ್ದು, ಬೀಗರ ಬಾಡು

"ನನ್ ಫ್ರಿಜ್ಜಲ್ಲಿ ಕೆಂಡ ಮಡುಗಿದ್ರೂ ಬೆಳಿಗ್ಗೆಗೆ ಆಲಿಕಲ್ಲಾಗಿರ್ತದೆ. ನಿನ್ ಮದ್ದು ಯಾವ ಲೆಕ್ಕ ಅತ್ಗೆ?" ಎಂದಿದ್ದ ಲಿಂಗಯ್ಯ.

ಅತ್ತಿಗೆ ಮಂಗಳಮ್ಮ ಭಾರತೀನಗರದ ಸುತ್ತಲಿನ ಬೀಗರೂಟಗಳಿಗೆಲ್ಲ ಬಾಡಿನ ಸಾರು ಮಾಡುತ್ತಿದ್ದವಳು. ಅವಳು ಒಗ್ಗರಣೆ ಹಾಕಿದರೆ ಮಳವಳ್ಳಿಯಲ್ಲಿ ಮಲಗಿದ್ದವರು ಎದ್ದು ಕೈ ತೊಳೆಯುತ್ತಿದ್ದರು. ಬಾಯಿ ಬಿಟ್ಟರೆ ಮದ್ದೂರಿನವರೆಗೂ ನಾಯಿಗಳು ಬೊಗಳುವುದು ನಿಲ್ಲಿಸುತ್ತಿದ್ದವು. ಗಂಡ ಹೋದ ಮೇಲೆ ಮೈದುನ ಲಿಂಗಯ್ಯನ ಮನೆಯ ಹಿಂದಿನ ಕೋಣೆಯೇ ಅವಳ ಅರಮನೆ. ಅಂಥವಳಿಗೆ ರಕ್ತದ ಕ್ಯಾನ್ಸರ್ ಬಂತು.

ಮಂಡ್ಯದ ಡಾಕ್ಟರು ಆಸ್ಪರಾಜಿನೇಸ್ ಎಂಬ ಕಿಣ್ವದ ಇಂಜೆಕ್ಷನ್ ಬರೆದರು. ಕ್ಯಾನ್ಸರಿನ ಜೀವಕೋಶಗಳು ತಮಗೆ ಬೇಕಾದ ಒಂದು ಆಹಾರವನ್ನು ರಕ್ತದಿಂದಲೇ ಎತ್ತಿಕೊಳ್ಳಬೇಕು, ಕಿಣ್ವ ಅದನ್ನು ಒಡೆದುಹಾಕಿದರೆ ಅವು ಹಸಿದು ಸಾಯುತ್ತವೆ ಎಂದರು.

"ಉಪಾಸ ಕೆಡವಿ ಸಾಯ್ಸದಾ? ನಮ್ಮತ್ತೆ ಅದ್ನೇ ನನ್ಮೇಲೆ ಮಾಡಿ ಸೋತೋದ್ಲು ಕಣಪ್ಪ. ಇವಾದ್ರೂ ಸಾಯ್ಲಿ," ಎಂದಳು ಮಂಗಳಮ್ಮ.

ಸಾಯತೊಡಗಿದವು ಕೂಡ. ಮುಖಕ್ಕೆ ಕಳೆ ಬಂತು, ಬೈಗುಳಕ್ಕೆ ಕಸುವು ಬಂತು. ಮುಂದಿನ ಸೀಸೆಗಳು ಐಸಿನ ಡಬ್ಬಿಯಲ್ಲಿ ಬೆಂಗಳೂರಿನಿಂದ ಬಂದವು. ತಂಪು ತಪ್ಪಿದರೆ ಕೆಡುತ್ತದೆ ಎಂದು ಡಾಕ್ಟರು ಹೇಳಿದಾಗ ಲಿಂಗಯ್ಯನೂ ತಲೆಯಾಡಿಸಿದ್ದ.

ಅಷ್ಟರಲ್ಲಿ ಅವನ ಮಗಳು ಅರ್ಪಿತಳ ಮದುವೆ ಮುಗಿದು ಬೀಗರೂಟ ಬಂತು. ನಮ್ಮ ಕಡೆ ತಾಳಿ ಉಲ್ಟಾ ಕಟ್ಟಿದರೂ ಕ್ಷಮಿಸುತ್ತಾರೆ, ಎಲೆಯಲ್ಲಿ ಮೂಳೆ ಕಡಿಮೆಯಾದರೆ ಮೊಮ್ಮಕ್ಕಳ ಕಾಲದವರೆಗೂ ಮಾತಿಲ್ಲ. ಲಿಂಗಯ್ಯ ಜಿಲ್ಲೆಯ ಕುರಿಗಳನ್ನೆಲ್ಲ ಕಡಿಸಿ ತಂದನೇನೋ, ಫ್ರಿಜ್ಜಿನ ಬಾಗಿಲೇ ಮುಚ್ಚಲಿಲ್ಲ. ಮದ್ದಿನ ಡಬ್ಬಿಯನ್ನು ತೆಗೆದು ಒಲೆಯ ಮೇಲಿನ ಹಲಗೆಗೆ ಏರಿಸಿದ. ಮಾರನೆಯ ದಿನ ಬೀಗರು ತೇಗಿಕೊಂಡು ಹೋದ ಮೇಲೆ ಸದ್ದಿಲ್ಲದೆ ಒಳಗಿಟ್ಟ.

ಆಸ್ಪತ್ರೆಯಲ್ಲಿ ನರ್ಸು ಡಬ್ಬಿ ತೆರೆದಳು. ಮಂಗಳಮ್ಮ ಮೂಸಿದಳು.

"ಒಗೆ ಇಡ್ದದೆ. ಚಕ್ಕೆ ಲವಂಗದ ವಾಸ್ನೆ ಬೇರೆ. ಎಲ್ಲಿ ಮಡುಗಿದ್ಯೋ ಲಿಂಗಯ್ಯ?"

"ಒಂದಿನ ಆಚ್ಗೆ ಇಟ್ಟಿದ್ದೆ ಅಷ್ಟೆಯಾ. ಬಾಡು ಕೆಟ್ಟಿದ್ರೆ ಬೀಗ್ರು ಏನಂದ್ಕೊಂಡಾರು ಅತ್ಗೆ?"

ಡಾಕ್ಟರು ಸೀಸೆಗಳನ್ನು ಕಸಕ್ಕೆ ಹಾಕಿದರು. ಅದೇ ಮದ್ದಿನ ಬೇರೆ ಸೀಸೆ ತಕ್ಷಣ ಎಲ್ಲೂ ಸಿಗಲಿಲ್ಲ. ಅದು ಸಿಗುವ ಹೊತ್ತಿಗೆ ಹಸಿದಿದ್ದ ಜೀವಕೋಶಗಳೂ ಬೀಗರ ಹಾಗೆ ಪಟ್ಟಾಗಿ ಉಂಡು ಎದ್ದಿದ್ದವು. ಇನ್ನು ಮದ್ದು ನಾಟುವುದಿಲ್ಲ, ಮನೆಗೆ ಕರೆದೊಯ್ಯಿರಿ ಎಂದರು.

ಲಿಂಗಯ್ಯ ಮಂಚದ ಪಕ್ಕ ಕೈ ಕಟ್ಟಿ ನಿಂತ. "ಅತ್ಗೆ, ಏನಾರ ಆಸೆ ಇದ್ರೆ ಯೋಳು, ತತ್ತೀನಿ."

ಪಕ್ಕದ ಮನೆಯ ನಾಯಿಗೂ ಕೇಳಿಸದಷ್ಟು ಕುಗ್ಗಿದ ದನಿಯಲ್ಲಿ ಮಂಗಳಮ್ಮ ಅಂದಳು: "ನನ್ ತಿಥಿಗೆ ಬಾಡು ಜಾಸ್ತಿನೇ ತಂದ್ಬುಡು. ಈಗೆಂಗೂ ಫ್ರಿಜ್ಜಲ್ಲಿ ಜಾಗ ಅದೆಯಲ್ಲಪ್ಪ."