ಒಂಬತ್ತು ತೂತಿನ ವಡೆ

ಸಹನಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವ ವಯಸ್ಸು ಮುಗಿಯಿತು. ನಾನು ಪ್ರಮೀಳಾ, ನಾಗಮಂಗಲದ ಕಾಲೇಜಿನಲ್ಲಿ ಗಣಿತದ ಕಾಯಂ ಲೆಕ್ಚರರ್. ಅವಳು ಸಂತೆಬಾಚಹಳ್ಳಿಯ ನೀರುಗಂಟಿ ಚಲುವಯ್ಯನ ಮಗಳು, ಕೆ.ಆರ್. ಪೇಟೆಯಲ್ಲಿ ಅತಿಥಿ ಉಪನ್ಯಾಸಕಿ. ಮೈಸೂರಿನಲ್ಲಿ ಇಬ್ಬರಿಗೂ ಒಬ್ಬರೇ ಗೈಡು. ನಾನು ಪಿಎಚ್.ಡಿ.ಗೆ ಸೇರಿ ಎಂಟು ವರ್ಷ, ಅವಳು ಸೇರಿ ಮೂರು.

ತಿಂಗಳಿಗೊಂದು ಶನಿವಾರ ಗೈಡನ್ನು ಕಾಣಲು ಮೈಸೂರಿಗೆ ಹೋಗುವಾಗ ಪಾಂಡವಪುರದ ಬಸ್ ನಿಲ್ದಾಣದಲ್ಲಿ ಸಿಗುತ್ತಿದ್ದಳು. ಸೀಟು ಸಿಕ್ಕಿದರೆ ಯಾವುದೋ ಅಜ್ಜಿಗೆ ಬಿಟ್ಟುಕೊಟ್ಟು, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ನೋಟ್ ಪುಸ್ತಕ ಹಿಡಿದು ನಿಲ್ಲುವಳು. ಆ ಒಳ್ಳೆಯತನ ನೋಡಿದರೆ ಮೈ ಉರಿಯುತ್ತಿತ್ತು.

ನಮ್ಮ ವಿಷಯ ರೀಮನ್ ಮೇಲ್ಮೈ. ಅದೇನು ಓದುತ್ತೀರಿ ಎಂದು ನಿಲ್ದಾಣದ ಹೋಟೆಲಿನ ದ್ಯಾವಯ್ಯ ಒಮ್ಮೆ ಕೇಳಿದ. ಸಹನ ತಟ್ಟೆಯ ವಡೆ ಎತ್ತಿ ತೋರಿಸಿದಳು.

“ಒಂಬತ್ತು ತೂತಿನ ವಡೆ ಅನ್ಕಳಿ ದ್ಯಾವಣ್ಣ. ಅದರ ಜೊತೆಗೆ ಒಂದು ದೊಡ್ಡ ಗಂಟಿರ್ತದೆ, ಜೇಕೋಬಿಯನ್ ಅಂತ. ವಡೆನ ಎಂಗೆಂಗೆ ತಿರುಗ್ಸುದ್ರೆ ಮೊದ್ಲಿನಂಗೇ ಕಾಣ್ತದೋ, ಆ ತಿರುವುಗಳನ್ನ ಇಡ್ಕಂಡು ಗಂಟ್ನ ಸಣ್ಣ ಸಣ್ಣ ಚೂರಾಗಿ ಬುಡುಸ್ಬೋದು. ಚೂರುಗಳ ಅಳತೆ ಕೂಡುದ್ರೆ ಒಂಬತ್ತೇ ಬರ್ಬೇಕು.”

“ನಮ್ ವಡೆಗೆ ಒಂದೇ ತೂತು ಕಣವ್ವ” ಎಂದು ದ್ಯಾವಯ್ಯ ನಕ್ಕ. ಅವನಿಗೆ ಅರ್ಥವಾಗಿತ್ತು. ಎಂಟು ವರ್ಷದಲ್ಲಿ ನನ್ನ ಗಂಡನಿಗೂ ಅಷ್ಟು ಹೇಳಲು ನನ್ನಿಂದ ಆಗಿರಲಿಲ್ಲ.

ಕಳೆದ ಗುರುವಾರ ಅವಳು ಬರೆದ ಪೇಪರು ನನಗೆ ಮೇಲಿನಲ್ಲಿ ಬಂತು. ನಾನು ಬಿಡಿಸಲಾರದೆ ಕೂತಿದ್ದ ಗಂಟನ್ನೇ ಬಿಡಿಸಿದ್ದಳು. ಸೋಮವಾರ ಗಣಿತದ ಪತ್ರಿಕೆಗೆ ಕಳಿಸುತ್ತೇನೆ, ಒಮ್ಮೆ ನೋಡಿಬಿಡಿ ಎಂದು ಬರೆದಿದ್ದಳು. ನೋಡಿದೆ. ಚೂರುಗಳನ್ನು ಕೂಡಿಸಿದರೆ ಎಂಟು. ಮತ್ತೆ ಕೂಡಿಸಿದೆ. ಎಂಟೇ!

ಎಲ್ಲರ ಮನೆ ದೋಸೆಯೂ ತೂತೇ ಅಂತಾರಲ್ಲ, ಅಂತೂ ಅವಳ ಮನೆಯದೂ ಕಂಡಿತು. ಫೋನು ಮಾಡಲಿಲ್ಲ. ಹೋಗಲಿ ಪೇಪರು, ಹೋಗಲಿ ಮಾನ ಎಂದುಕೊಂಡು ಎರಡು ದಿನ ಒಳಗೊಳಗೇ ನಗುತ್ತಾ ಪಾಠ ಮಾಡಿದೆ.

ಭಾನುವಾರ ತಪ್ಪು ಎಲ್ಲಿದೆ ಎಂದು ಹುಡುಕಲು ಕೂತೆ. ತಿರುವುಗಳ ಲೆಕ್ಕ ಬರೆದ ಟೇಬಲ್ಲಿನಲ್ಲಿ ಒಂದು ಕಡೆ ಮೈನಸ್ ಬಿಟ್ಟುಹೋಗಿತ್ತು. ಆ ಟೇಬಲ್ಲು ನನ್ನದು. ಅವಳು ಸೇರಿದ ವರ್ಷ, ಹಿರಿಯಳೆಂಬ ಗತ್ತಿನಲ್ಲಿ ನಾನೇ ಜೆರಾಕ್ಸ್ ಮಾಡಿಸಿ ಕೊಟ್ಟದ್ದು. ನನ್ನ ಎಂಟು ವರ್ಷವೂ ಆ ಒಂದು ಗೀಟಿಗೇ ಸಿಕ್ಕಿಕೊಂಡಿತ್ತು. ಪೇಪರಿನ ಕೊನೆಯಲ್ಲಿ ಬೇರೆ, ಟೇಬಲ್ಲು ಕೊಟ್ಟ ಪ್ರಮೀಳಾ ಅವರಿಗೆ ಕೃತಜ್ಞತೆ ಎಂದು ಬರೆದಿದ್ದಳು. ಹೋಗುವ ಮಾನ ನನ್ನದೇ!

ತಕ್ಷಣ ಫೋನು ಮಾಡಿದೆ. “ಸಹನ, ಪೇಪರು ಕಳಿಸ್ಬುಟ್ಯಾ?”

“ಇಲ್ಲ ಕಣಕ್ಕ, ನಾಳೆ. ಒಂದು ಮೈನಸ್ಸು ಬುಟ್ಟೋಗಿತ್ತು, ಶುಕ್ರವಾರವೇ ಸರಿ ಮಾಡ್ದೆ. ಈಗ ಒಂಬತ್ತು ಬತ್ತದೆ. ಟೇಬಲ್ಲು ನಿಮ್ದಲ್ವಾ, ಬೇಜಾರು ಮಾಡ್ಕತೀರ ಅಂತ ಏಳ್ನಿಲ್ಲ. ನಿಮ್ ಕಣ್ಗೂ ಬಿದ್ದಿರ್ನಿಲ್ಲ ಅಲ್ವಾ?”

ಬಿದ್ದಿರಲಿಲ್ಲ ಅಂದರೆ ತೂತು ಎಣಿಸಲು ಬಾರದ ಲೆಕ್ಚರರ್ ಆಗಬೇಕು, ಬಿದ್ದಿತ್ತು ಅಂದರೆ ಮೂರು ದಿನ ಬಾಯಿ ಮುಚ್ಚಿಕೊಂಡು ಕೂತ ಹೊಟ್ಟೆಕಿಚ್ಚಿನವಳಾಗಬೇಕು.

“ಇಲ್ಲ ಕಣೆ, ಬಿದ್ದಿರ್ಲಿಲ್ಲ” ಎಂದೆ.

“ಓಗ್ಲಿ ಬುಡಿ. ಪೇಪರಿನ ಕೊನೇಲಿ ನಿಮ್ಮೆಸ್ರು ಅಂಗೇ ಮಡಗಿವ್ನಿ” ಎಂದಳು.

ನಾನಾಗಿದ್ದರೆ ತೆಗೆದುಹಾಕಿರುತ್ತಿದ್ದೆ.