ಮೊಳಕೆ ಬಂದ ಬೊಂತೆ

ಮಾವಿನಕಾಯಿ ನೋಡಿ ಅತ್ತ ಗಂಡಸು ನಮ್ಮೂರಿನಲ್ಲಿ ನಾನೊಬ್ಬನೇ ಇರಬೇಕು. ದೊಡ್ಡಬಳ್ಳಾಪುರದ ಮಗ್ಗಗಳಿಗೆ ಸೀರೆಯ ಅಂಚು, ಸೆರಗು ಬರೆದುಕೊಡುವುದು ನನ್ನ ಕೆಲಸ. ಒಂದು ಸಣ್ಣ ಕೋಣೆ, ಎರಡು ಕಂಪ್ಯೂಟರ್, ಗೋಡೆಯಾಚೆ ದಿನವಿಡೀ ಮಗ್ಗಗಳ ಸದ್ದು. ಅಲ್ಲಿ ಕೂತು ಹದಿನೆಂಟು ವರ್ಷ ಮಾವಿನಕಾಯಿ, ಹಂಸ, ನವಿಲು, ಮತ್ತೆ ಮಾವಿನಕಾಯಿ ಬರೆದೆ. ಒಂದು ದಿನ ಗಿರಾಕಿಯೊಬ್ಬ ಬಂದು ಪರದೆಯ ಮೇಲಿದ್ದ ಮಾವಿನಕಾಯಿಯನ್ನು ಬಹಳ ಹೊತ್ತು ನೋಡಿದ. "ಎಲ್ಲಾ ಚೆನ್ನಾಗೈತೆ ಗುರು. ಆದ್ರೆ ಮದುವೆ ಸೀರೆ ನೋಡು, ಈ ಮಾವಿನಕಾಯಿ ಇನ್ನೊಂಚೂರು ಖುಷಿಯಾಗಿರ್ಬೇಕು" ಅಂದ.

ಸರಿ ಅಂದೆ. ಅದರ ಹೊಟ್ಟೆ ದಪ್ಪ ಮಾಡಿದೆ, ತುದಿ ತಿರುವಿದೆ, ಒಳಗೆ ಹೂ ತುಂಬಿದೆ. ಅದು ಖುಷಿಯಾಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಊಟದ ಡಬ್ಬಿ ತೆಗೆದೆ. ಮೊಸರನ್ನದ ಪಕ್ಕ ಉಪ್ಪಿನಕಾಯಿಯ ಹೋಳೊಂದು ನನ್ನನ್ನೇ ನೋಡುತ್ತಿತ್ತು. ಅದೂ ಖುಷಿಯಾಗಿರಲಿಲ್ಲ. ತಡೆಯಲಾರದೆ ಅಳು ಬಂತು. ಯಜಮಾನರು ಓಡಿ ಬಂದು, ಮನೆಯಲ್ಲಿ ಯಾರಿಗೇನಾಯಿತು ಎಂದು ಕೇಳಿದರು. ಯಾರಿಗೂ ಏನೂ ಆಗಿಲ್ಲ, ಮಾವಿನಕಾಯಿ ಬರುತ್ತಿಲ್ಲ ಅಂದೆ. ಅವರು ಒಳ್ಳೆಯವರು, ನಗಲಿಲ್ಲ. "ಮನೇಲಿ ರೆಸ್ಟ್ ತಗೋ. ಸಂಕ್ರಾಂತಿ ತಂಕ ನಿನ್ ಕುರ್ಚಿ ಇಟ್ಟಿರ್ತೀನಿ. ಆಮೇಲೆ ಬೇರೆಯವ್ರನ್ನ ನೋಡ್ಬೇಕಾಗುತ್ತೆ" ಅಂದರು.

ಮನೆಗೆ ಬಂದು ಗೋಡೆ ನೋಡುತ್ತಾ ಕೂತೆ. ನಮ್ಮದು ಅದೇ ತಾಲ್ಲೂಕಿನ ಮಧುರೆ ಹತ್ತಿರದ ಹಳ್ಳಿ. ಇಲ್ಲಿ ಕಾಯಿಲೆಗೆ ಒಂದು ಹೆಸರಿರಬೇಕು, ಇಲ್ಲದಿದ್ದರೆ ಜನಕ್ಕೆ ಸಮಾಧಾನವಿಲ್ಲ. ನನ್ನದಕ್ಕೆ "ಡಿಸೈನು ನಿಂತೋಗಿರೋದು" ಎಂಬ ಹೆಸರಾಯಿತು. ದಾರಿಯಲ್ಲಿ ಸಿಕ್ಕವರೆಲ್ಲ ಕೊಳವೆ ಬಾವಿಯನ್ನು ವಿಚಾರಿಸುವ ದನಿಯಲ್ಲಿ "ಏನಪ್ಪಾ, ಇನ್ನೂ ಬಂದಿಲ್ವಾ?" ಎನ್ನುತ್ತಿದ್ದರು. ಇಲ್ಲ ಅಂತ ತಲೆಯಾಡಿಸುತ್ತಿದ್ದೆ. ಒಳಗೊಳಗೆ ಹೆದರಿಕೆ ಇತ್ತು. ಕೈ ಸತ್ತುಹೋಗಿದ್ದರೆ ನನಗೆ ಗೊತ್ತಿರುವುದು ಬೇರೆ ಏನೂ ಇಲ್ಲ.

ನನ್ನ ಹೆಂಡತಿ ದಾಬಸ್‌ಪೇಟೆಯ ಫ್ಯಾಕ್ಟರಿಗೆ ಹೋಗುತ್ತಾಳೆ. ಬೆಳಗಿನ ಜಾವ ಕಂಪನಿ ಬಸ್ಸು, ಮಧ್ಯಾಹ್ನ ಮೂರಕ್ಕೆ ವಾಪಸ್ಸು. ನಾನು ಗೋಡೆ ನೋಡುವುದನ್ನು ಅವಳು ತಿಂಗಳಿಗೂ ಮೇಲೆ ನೋಡಿದಳು. ಒಂದು ಭಾನುವಾರ ಕಾಫಿ ಲೋಟ ಮುಂದಿಟ್ಟು ಹೇಳಿದಳು, "ರೀ, ನೆಲಮಂಗಲದ ಗೋಡೌನ್‌ನಲ್ಲಿ ಡಬ್ಬ ಎಣಿಸೋ ಕೆಲಸ ಇದೆಯಂತೆ. ಹೋಗೋದಾದ್ರೆ ಹೋಗಿ, ನನಗೇನೂ ಅವಮಾನ ಇಲ್ಲ. ಆದ್ರೆ ನಿಮ್ ಕೈ ಇದ್ಯಾ ಹೋಗಿದ್ಯಾ ಅಂತ ಮೊದ್ಲು ಗೊತ್ತಾಗ್ಲಿ. ಏನಾದ್ರೂ ಒಂದನ್ನ ಮುಗಿಸಿ ತೋರ್ಸಿ. ಮುಗಿಸಿದ್ರೆ ಆ ಕುರ್ಚಿಗೆ ಹೋಗಿ, ಆಗ್ದಿದ್ರೆ ಗೋಡೌನ್. ನನ್ ಕಾಲು ಚಳಿಗೆ ಸೆಟೆದುಕೊಳ್ತಿದೆ. ಒಂದು ಬೊಂತೆ ಹೊಲೀರಿ."

ಬೊಂತೆ ಅಂದರೆ ಬೇರೆ ಕಡೆಯವರು ಕೌದಿ ಅನ್ನುವುದು. ಹಳೆಯ ಸೀರೆ ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡು ಬಟ್ಟೆ ಜೋಡಿಸಿ, ಉದ್ದಕ್ಕೂ ಹೊಲಿಗೆ ಓಡಿಸುವುದು. ಹನ್ನೊಂದನೇ ವಯಸ್ಸಿನಲ್ಲಿ ನನಗೆ ಕಾಮಾಲೆಯಾಗಿ, ಒಂದು ಬೇಸಿಗೆ ಪೂರ್ತಿ ಹೊಸಿಲು ದಾಟಬಾರದು ಎಂದಾಗ ಅಜ್ಜಿ ಕಲಿಸಿದ್ದಳು. ಗಂಡು ಹುಡುಗ ಸೂಜಿ ಹಿಡಿದಿದ್ದಕ್ಕೆ ಅಪ್ಪ ಗೊಣಗಿದರೆ, "ಟೈಲರ್ ಏನು ಹೆಂಗಸಾ?" ಅಂತ ಬಾಯಿ ಮುಚ್ಚಿಸಿದ್ದಳು. ಹೊಲಿಗೆಯ ಆ ಬೇಸಿಗೆಯಿಂದಲೇ ನಾನು ಡಿಸೈನಿಗೆ ಹೋದೆ ಎಂದು ಈಗ ಅನ್ನಿಸುತ್ತದೆ. ಹೋದಮೇಲೆ ಸೂಜಿ ಮುಟ್ಟಲಿಲ್ಲ.

ಅಜ್ಜಿಯದು ಎರಡು ಕಟ್ಟಳೆ. ಬೊಂತೆಗೆ ಹೊಸ ಬಟ್ಟೆ ಹಾಕಬಾರದು. ಯಾರೂ ಉಡದ ಬಟ್ಟೆಗೆ ಬೆಚ್ಚಗಿಡುವುದು ಏನು ಗೊತ್ತು ಎಂಬುದು ಅವಳ ವಾದ. ಎರಡನೆಯದು, ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಹಿಡಿ ರಾಗಿ ಹಾಕಬೇಕು. "ಬೊಂತೆ ಹೊಟ್ಟೆ ಖಾಲಿ ಇದ್ರೆ ಹೊದ್ದೋರ ನಿದ್ದೆ ತಿಂದ್ಬಿಡುತ್ತೆ ಕಣೋ" ಅನ್ನುತ್ತಿದ್ದಳು.

ಮೊದಲನೆಯ ಕಟ್ಟಳೆಯಲ್ಲೇ ಸಿಕ್ಕಿಹಾಕಿಕೊಂಡೆ. ಮನೆಯಲ್ಲಿ ರೇಷ್ಮೆಯ ಸ್ಯಾಂಪಲ್ ತುಂಡುಗಳು ಮೂಟೆಯಷ್ಟಿದ್ದವು, ಎಲ್ಲ ಹೊಸವು. ಹಳೆಯ ಬಟ್ಟೆಯನ್ನೆಲ್ಲ ಹೆಂಡತಿ ಹಿಂದಿನ ತಿಂಗಳಷ್ಟೇ ಪಾತ್ರೆಯವನಿಗೆ ಕೊಟ್ಟು ಸ್ಟೀಲ್ ಡಬ್ಬಿ ತಗೊಂಡಿದ್ದಳು. ಹಾಗಾಗಿ ಚೀಲ ಹಿಡಿದು ಬೀದಿಯಲ್ಲಿ ಹಳೆ ಬಟ್ಟೆ ಕೇಳಲು ಹೊರಟೆ. ಹಳೆ ಬಟ್ಟೆ ಕೇಳಿಕೊಂಡು ಬರುವವನು ಪಾತ್ರೆ ಕೊಡಬೇಕು ಎಂಬುದು ಇಡೀ ತಾಲ್ಲೂಕಿಗೇ ಗೊತ್ತಿರುವ ನ್ಯಾಯ ಎನ್ನುವುದು ನನಗೆ ಹೊಳೆಯಲೇ ಇಲ್ಲ. ಹೆಂಗಸರು ಗಂಟು ಹೊತ್ತು ಹೊರಗೆ ಬಂದು ನನ್ನ ಹಿಂದೆ ಇಣುಕಿ ನೋಡಿದರು. "ಪಾತ್ರೆ ಎಲ್ಲಪ್ಪಾ?" ಬೊಂತೆ ಹೊಲಿಯಲು ಅಂದೆ. ಅಯ್ಯೋ ಪಾಪ, ಡಿಸೈನು ನಿಂತಿದ್ದು ಇಲ್ಲಿಗೆ ಬಂತಾ ಎಂದು ಕೆಲವರು ಸುಮ್ಮನೆ ಕೊಟ್ಟರು. ಒಬ್ಬಾಕೆ ಮಾತ್ರ ಎರಡು ಸೀರೆ ಹಿಡಿದುಕೊಂಡು ಬಿಡಲೇ ಇಲ್ಲ. ಮನೆಗೆ ಓಡಿ ಒಂದು ಡಬ್ಬಿ ತಂದುಕೊಟ್ಟೆ. ಸಂಜೆ ಹೆಂಡತಿ ಡಬ್ಬಿ ಹುಡುಕಿ, ವಿಷಯ ತಿಳಿದು, ಉಳಿದ ಪಾತ್ರೆಗಳನ್ನು ಎಣಿಸಿ ಅಟ್ಟದ ಮೇಲಿಟ್ಟಳು. ನಮ್ಮ ಹಳೆ ಬಟ್ಟೆಗೆ ಬಂದ ಡಬ್ಬಿ ಅವರ ಹಳೆ ಬಟ್ಟೆಗೆ ಹೋಗಿತ್ತು.

ಜಗಲಿಯ ಮೇಲೆ ಹಾಸಿ ಕೂತೆ. ಮೊದಲ ಸಾಲು ಹೊಲಿದು ನೋಡಿದರೆ ಕಂಪ್ಯೂಟರಿನಲ್ಲಿ ಎಳೆದಷ್ಟು ನೇರ. ಮತ್ತೆ ಆ ಕೋಣೆಗೇ ಹೋದ ಹಾಗಾಯಿತು. ಬಿಚ್ಚಿದೆ. ಎರಡನೆಯದೂ ನೇರವೇ. ಅದನ್ನೂ ಬಿಚ್ಚಿದೆ. ನಾಲ್ಕನೆಯ ದಿನ ಬೆರಳಿಗೆ ಸೂಜಿ ಚುಚ್ಚಿ ಸಾಲು ಸೊಟ್ಟಗಾಯಿತು. ಅಲ್ಲಿಂದ ಅದು ತನಗೆ ಬೇಕಾದ ಹಾಗೆ ಹೋಗತೊಡಗಿತು, ನಾನು ಹಿಂದೆ ಹೋದೆ. ಮಧ್ಯಾಹ್ನವಾಗಿದ್ದು ಗೊತ್ತಾಗಲಿಲ್ಲ. ಎಷ್ಟೋ ವರ್ಷದ ಮೇಲೆ ಅನ್ನ ಮರೆತು ಕೂತಿದ್ದೆ.

ಆಗ ಬಂದರು ಅಣ್ಣ ತಮ್ಮ. ನಮ್ಮ ಬೀದಿಯಲ್ಲಿ ಎದುರುಬದುರು ಮನೆಯ ಈ ಇಬ್ಬರು ಒಂಬತ್ತು ವರ್ಷದಿಂದ ಮಾತಾಡುವುದಿಲ್ಲ. ಇಬ್ಬರ ಹೊಲದ ನಡುವಿನ ಬದು ಒಂದಡಿ ಅತ್ತ ಸರಿದಿದೆ ಎಂದು ಒಬ್ಬ, ಇತ್ತ ಸರಿದಿದೆ ಎಂದು ಇನ್ನೊಬ್ಬ. ಅಣ್ಣನ ಮನೆಯಿಂದ ಒಂದು ಗೀರು ಗೀರಿನ ಅಂಗಿ ಬಂದಿತ್ತು, ತಮ್ಮನ ಮನೆಯಿಂದ ಹಸಿರು ಲುಂಗಿ. ಬಣ್ಣ ಹೊಂದುತ್ತದೆ ಎಂದು ಎರಡನ್ನೂ ಅಕ್ಕಪಕ್ಕ ಹಾಕಿದ್ದೆ. ಹಾಲಿನ ಡೈರಿಗೆ ಹೊರಟಿದ್ದ ಅಣ್ಣ ಜಗಲಿಯ ಮುಂದೆ ನಿಂತ.

"ಏನಪ್ಪಾ ಇದು? ನನ್ನ ಅಂಗಿ ಮೇಲೆ ಅವನ ಲುಂಗಿ ಹತ್ತಿಸಿದ್ದೀಯಾ?"

ನೋಡಿದೆ. ಹೊಲಿಗೆಗೆಂದು ಒಂದು ಬೆರಳಿನಷ್ಟು ಹತ್ತಿಸಿದ್ದೆ. ಅದು ಒತ್ತುವರಿ ಎಂದ. ಬಿಚ್ಚಿ, ಅಂಗಿಯನ್ನು ಲುಂಗಿಯ ಮೇಲೆ ತಂದೆ. ಸಂಜೆ ತಮ್ಮ ಬಂದು ಅದೇ ಮಾತಾಡಿದ. ಮತ್ತೆ ಬಿಚ್ಚಿದೆ. ಮಾರನೆಯ ದಿನ ಇಬ್ಬರೂ ಒಂದೇ ಹೊತ್ತಿಗೆ ಬಂದು ಜಗಲಿಯ ಆ ತುದಿ ಈ ತುದಿಯಲ್ಲಿ ಕೂತರು. "ಅವನಿಗೆ ಹೇಳು, ಟೇಪ್ ಹಿಡ್ದು ಅಳೀಲಿ" ಅಂತ ಅಣ್ಣ ನನಗೆ. "ಅವನಿಗೆ ಹೇಳು, ಅಳೆಯೋಕೆ ನಾನೂ ಬಂದಿದ್ದೀನಿ" ಅಂತ ತಮ್ಮ ನನಗೆ. ಅಳೆದದ್ದು ನಾನು. ಹದಿನೆಂಟು ವರ್ಷ ಗಿರಾಕಿಗಳ ಮಾತು ಕೇಳಿ ಹಣ್ಣಾದವನು ಬೊಂತೆಯಲ್ಲೂ ಗಿರಾಕಿಗಳಿಗೆ ಸಿಕ್ಕಿಬಿದ್ದೆನಲ್ಲ ಎಂದು ಕೋಪ ಬಂತು. "ಎರಡೂ ಕಿತ್ತು ವಾಪಸ್ ಕೊಡ್ಲಾ?" ಎಂದು ಕಿರುಚಿದೆ. ಇಬ್ಬರೂ ಗಾಬರಿಯಾದರು. ಬೊಂತೆಯಿಂದ ಆಚೆ ಹೋಗಲು ಯಾರಿಗೂ ಮನಸ್ಸಿಲ್ಲ.

ಕೊನೆಗೆ ಹೆಂಡತಿ ಇನ್ನೂ ತೊಡುತ್ತಿದ್ದ ಕಂದು ಬ್ಲೌಸೊಂದನ್ನು ಅವಳನ್ನು ಕೇಳಿ ತಂದು ಕತ್ತರಿಸಿ, ನಾಲ್ಕು ಬೆರಳು ಅಗಲದ ಪಟ್ಟಿಯನ್ನು ಅಂಗಿ ಲುಂಗಿಗಳ ನಡುವೆ ಉದ್ದಕ್ಕೂ ಹೊಲಿದೆ. ಬದು. ಮಣ್ಣಿನ ಬಣ್ಣ, ಇಬ್ಬರ ಮನೆಯದೂ ಅಲ್ಲ. ಅಣ್ಣ ಬಗ್ಗಿ ನೋಡಿ "ಇದು ನ್ಯಾಯ" ಅಂದ. ತಮ್ಮ ಬೇರೆ ಕಡೆ ನೋಡಿಕೊಂಡೇ ತಲೆಯಾಡಿಸಿದ. ಅಲ್ಲಿಂದ ಮುಂದೆ ಇಬ್ಬರೂ ದಿನಾ ಬಂದು ಕಾವಲು ಕೂತರು.

ಬದು ಹೋಗಿ ಸೇರಿದ್ದು ಕೊನೆಯ ಮೂಲೆಗೆ. ಅಲ್ಲಿ ಒಂದು ಹಿಡಿ ಹೊಸ ರಾಗಿ ಹಾಕಿ ಹೊಲಿದುಬಿಟ್ಟೆ. ಸಂಕ್ರಾಂತಿಗೆ ಇನ್ನೂ ಎಂಟು ದಿನ ಇತ್ತು. ಮುಗಿಯಿತು ಅಂದುಕೊಂಡೆ. ಊರೆಲ್ಲರ ಬೆವರಿನ ಬಟ್ಟೆ, ಹೆಂಡತಿಗೆ ಕೊಡುವ ಮೊದಲು ಒಗೆಯಬೇಕಲ್ಲ ಎಂದು ತೊಟ್ಟಿಯಲ್ಲಿ ನೆನೆಹಾಕಿ ಒಗೆದೆ. ನೆನೆದ ಬೊಂತೆ ಒಬ್ಬನಿಗೆ ಏಳುವುದಿಲ್ಲ. ಕಾವಲುಗಾರರಿದ್ದರಲ್ಲ, ಒಂದೊಂದು ತುದಿ ಹಿಡಿದು ಹಿಂಡಲು ನಿಂತರು. ಮಾತಿಲ್ಲ. ಅಣ್ಣ ತಿರುವಿದ ದಿಕ್ಕಿಗೇ ತಮ್ಮನೂ ತಿರುವಿದ. ಬೊಂತೆ ಹಿಂಡಿಕೊಳ್ಳದೆ ಸುಮ್ಮನೆ ಗಿರಗಿರ ಸುತ್ತಿತು. ಒಬ್ಬ ದಿಕ್ಕು ಬದಲಿಸಿದರೆ ಅದೇ ಹೊತ್ತಿಗೆ ಇನ್ನೊಬ್ಬನೂ ಬದಲಿಸುತ್ತಿದ್ದ. ಒಂದು ಮಾತಾಡಿದ್ದರೆ ಮುಗಿಯುತ್ತಿತ್ತು. ಆಡಲಿಲ್ಲ. ನೀರು ಹಾಗೇ ಉಳಿಯಿತು.

ಮರುದಿನದಿಂದ ಮೋಡ. ಸಮುದ್ರದಲ್ಲೇನೋ ವಾಯುಭಾರ ಕುಸಿತವಂತೆ, ನಾಲ್ಕು ದಿನ ಬಿಸಿಲೇ ಇಲ್ಲ. ನೀರು ಬಸಿಯಲಿ ಎಂದು ಬೊಂತೆಯನ್ನು ಮಡಚಿ ಹಜಾರದಲ್ಲಿಟ್ಟು, ಮೇಲೆ ರುಬ್ಬುವ ಗುಂಡು ಹೇರಿದೆ. ಹುರಿಹಿಟ್ಟಿಗೆ ರಾಗಿ ಮೊಳಕೆ ಕಟ್ಟುವುದು ಹೇಗೆ ಎಂದು ನಮ್ಮ ಕಡೆ ಯಾರನ್ನಾದರೂ ಕೇಳಿ. ರಾಗಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೇಲೆ ಭಾರ ಇಡಬೇಕು ಎನ್ನುತ್ತಾರೆ. ಅದು ನನಗೂ ಗೊತ್ತು. ಹುಟ್ಟಿದಾಗಿನಿಂದ ಗೊತ್ತು.

ಐದನೆಯ ದಿನ ಮೂರು ಗಂಟೆಗೆ ಬಂದ ಹೆಂಡತಿ ಬಾಗಿಲಲ್ಲೇ ಮೂಗೆಳೆದಳು. "ರೀ, ರಾಗಿ ಮೊಳಕೆ ಕಟ್ಟಿದ್ದೀರಾ?"

ಬೊಂತೆ ಬಿಡಿಸಿದೆವು. ಮೂಲೆಯಲ್ಲಿ, ಬದುವಿನ ಕಂದು ಬಟ್ಟೆಯನ್ನು ತೂರಿಕೊಂಡು ಬಿಳಿ ಬೇರು, ಅದರ ಮೇಲೆ ತಿಳಿಹಳದಿ ಮೊನೆ. ಅಜ್ಜಿ ಬಟ್ಟೆಗಳನ್ನು ಒಗೆದು ಒಣಗಿಸಿದ ಮೇಲೆ ಬೊಂತೆ ಹೊಲಿಯುತ್ತಿದ್ದಳು ಎಂಬುದು ಆಗ ನೆನಪಿಗೆ ಬಂತು. ನಾನು ರಾಗಿ ತುಂಬಿಸಿ ಒಗೆದಿದ್ದೆ. ಮುಗಿಸಿದ ಒಂದೇ ಒಂದು ಕೆಲಸ, ಅದೂ ಬೆಳೆಯಾಗಿತ್ತು. ಗೋಡೌನಿನ ಡಬ್ಬಗಳು ಕಣ್ಣ ಮುಂದೆ ಸಾಲಾಗಿ ನಿಂತವು.

ಸುದ್ದಿ ತಿಳಿದು ಅಣ್ಣ ತಮ್ಮ ಬಂದರು. ಅಣ್ಣ ಕುಕ್ಕರಗಾಲಲ್ಲಿ ಕೂತು ಹೊಲದಲ್ಲಿ ನೋಡುವ ಹಾಗೆಯೇ ನೋಡಿದ. "ಪೈರು ಚೆನ್ನಾಗಿ ಬಂದೈತೆ. ಆದ್ರೆ ಬಿತ್ತನೆ ಒತ್ತಾಯ್ತು."

"ಅವನಿಗೆ ಹೇಳು, ಪೈರು ಬಾಗಿರೋದು ನನ್ನ ಕಡೆಗೆ" ಅಂದ ತಮ್ಮ. ಹೇಳುತ್ತಲೇ ಚೊಂಬಿನ ನೀರು ಚಿಮುಕಿಸಲು ಹೋದ.

"ಲೇ, ನೀರು ಹಾಕ್ಬೇಡ ಕಣ್ಲಾ, ಕೊಳ್ತೋಗ್ತದೆ!"

"ನಂಗೊತ್ತಿಲ್ವಾ, ಸುಮ್ಕಿರಣ್ಣೋ!"

ಒಂಬತ್ತು ವರ್ಷದ ಮೇಲೆ ಅವರು ಒಬ್ಬರಿಗೊಬ್ಬರು ಆಡಿದ ಮೊದಲ ಮಾತು ಅದು. ಮೊಳಕೆ ಕಿತ್ತು ಹಸುಗಳಿಗೆಂದು ಸಮನಾಗಿ ಹಂಚಿಕೊಂಡರು, ಒಬ್ಬೊಬ್ಬರಿಗೆ ಅರ್ಧ ಹಿಡಿಯೂ ಬರಲಿಲ್ಲ. ಹೊಲದ ಬದುವಿನ ಜಗಳ ಇವತ್ತಿಗೂ ಇದೆ. ಆದರೆ ಈಗ ನೇರವಾಗಿ ಬೈದಾಡುತ್ತಾರೆ, ನನ್ನ ತಲೆನೋವು ತಪ್ಪಿದೆ.

ಅವರು ಹೋದಮೇಲೆ ಬೇರು ಬಿಡಿಸಲು ಮೂಲೆಯ ಹೊಲಿಗೆ ಬಿಚ್ಚುತ್ತಾ ಕೂತೆ. ಬಟ್ಟೆ ತೂತು ಬಿದ್ದಿತ್ತು, ಪದರಗಳು ಕಂದಿದ್ದವು. ಬಹಳ ಕೆಲಸ ಇತ್ತು. ಸಂಕ್ರಾಂತಿಯೊಳಗೆ ಆಗುವುದಲ್ಲ. ಇದಕ್ಕೆ ನನಗೆ ಸಂಕಟವಾಗಬೇಕಿತ್ತು. ಆಗಲಿಲ್ಲ, ಖುಷಿಯಾಯಿತು. ಕೆಲಸ ಇನ್ನೂ ಉಳಿದಿದೆ ಎಂದು ಖುಷಿಪಟ್ಟಿದ್ದು ಹದಿನೆಂಟು ವರ್ಷದಲ್ಲಿ ನೆನಪಿಲ್ಲ.

ಹಬ್ಬದ ಮಾರನೆಯ ದಿನ, ಹೆಂಡತಿ ಹಾಕಿದ ಷರತ್ತಿನ ಮಾತು ಎತ್ತದೆ, ಕಳ್ಳನ ಹಾಗೆ ದೊಡ್ಡಬಳ್ಳಾಪುರಕ್ಕೆ ಹೋಗಿ ಕುರ್ಚಿಯಲ್ಲಿ ಕೂತೆ. ಕಂಪ್ಯೂಟರಿನಲ್ಲಿ ಆ ಮಾವಿನಕಾಯಿ ಹಾಗೇ ಕಾಯುತ್ತಿತ್ತು. ಕಾಲು ಗಂಟೆಯಲ್ಲಿ ಬರೆದು ಮುಗಿಸಿದೆ, ಒಂದು ಕಡೆ ಸ್ವಲ್ಪ ಸೊಟ್ಟ. ಗಿರಾಕಿ ನೋಡಿ "ಹಾಂ, ಈಗ ಖುಷಿಯಾಗೈತೆ" ಅಂದ. ನನಗೇನೂ ವ್ಯತ್ಯಾಸ ಕಾಣಲಿಲ್ಲ.

ಸಂಜೆ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಬೊಂತೆ ಮುಗಿಸದೆ ಕುರ್ಚಿಗೆ ಹೋದೆ, ಮಾತು ತಪ್ಪಿದೆ, ಈ ಭಾನುವಾರ ಕೂತು ಮೂಲೆ ಮುಚ್ಚಿಬಿಡುತ್ತೇನೆ ಅಂದೆ. ಅವಳು ಬಾಯಿ ತೆರೆದ ಮೂಲೆಯನ್ನು ಕಾಲ ಕೆಳಗೆ ಮಡಚಿ, ಬೊಂತೆಯನ್ನು ಮೊಣಕಾಲಿನವರೆಗೆ ಎಳೆದುಕೊಂಡಳು.

"ಅವಸರ ಮಾಡ್ಬೇಡಿ, ಸ್ವಲ್ಪ ಉಳ್ದಿರ್ಲಿ" ಅಂದಳು. "ಚಳಿ ಹೆಂಗೋ ತಡ್ಕೊಂಡೆ. ನೀವು ಗೋಡೆ ನೋಡ್ಕೊಂಡು ಕೂತಿದ್ರಲ್ಲ, ಅದನ್ನ ಇನ್ನೊಂದ್ಸಲ ತಡ್ಕೊಳ್ಳೋಕೆ ನನ್ ಕೈಲಾಗಲ್ಲ."

ಆ ಮೂಲೆಯನ್ನು ನಾನು ಇನ್ನೂ ಮುಚ್ಚಿಲ್ಲ.